ಕಾಬ್ ಸಲಾಡ್: ತಟ್ಟೆಯ ತಳದಲ್ಲಿ ನೀರೇಕೆ?

ಪ್ರಶ್ನೆ: ಮೆನುವಿನಲ್ಲಿ ‘ಕಾಬ್ ಸಲಾಡ್’ ಎಂದಿತ್ತು. ಗೊಂಜಾಳದ ತೆನೆ ಎಂದುಕೊಂಡು ತರಿಸಿದರೆ ಒಂದು ಕಾಳೂ ಇರಲಿಲ್ಲ. ಈ ಹೆಸರು ಹೇಗೆ ಬಂತು?
– ಓದುಗರು, ಬೆಟಗೇರಿ, ಗದಗ

ಉತ್ತರ: ಅದು ತೆನೆಯಲ್ಲ, ಮನುಷ್ಯನ ಹೆಸರು. ರಾಬರ್ಟ್ ಕಾಬ್ ಲಾಸ್ ಏಂಜಲೀಸ್‌ನ ಬ್ರೌನ್ ಡರ್ಬಿ ರೆಸ್ಟೋರೆಂಟಿನ ಮಾಲೀಕ. 1937ರ ಒಂದು ತಡರಾತ್ರಿ ಹಸಿದಿದ್ದ ಕಾಬ್ ಫ್ರಿಜ್ಜಿನಲ್ಲಿ ಉಳಿದಿದ್ದನ್ನೆಲ್ಲ ಹೆಚ್ಚಿ ಕಲಸಿದ, ಜೊತೆಗೆ ತಿಂದ ಚೈನೀಸ್ ಥಿಯೇಟರ್ ಎಂಬ ಚಿತ್ರಮಂದಿರದ ಸಿಡ್ ಗ್ರೌಮನ್ ಮರುದಿನ ಅದನ್ನೇ ಕೇಳಿ ಬಂದ ಎಂಬುದು ಹೆಚ್ಚು ಓಡಾಡುವ ಕತೆ. ಅಲ್ಲಿನ ಬಾಣಸಿಗ ರಾಬರ್ಟ್ ಕ್ರೈಸ್ 1929ರಲ್ಲೇ ಮಾಡಿದ್ದ ಎನ್ನುವವರೂ ಇದ್ದಾರೆ. ಎರಡರಲ್ಲೂ ಹೋಟೆಲು ಮಾತ್ರ ಅದೇ. ಗೊಂಜಾಳ ಮೂಲದಲ್ಲಿಲ್ಲ; ಈಚೆಗೆ ಕೆಲವರು ಹಾಕುತ್ತಾರೆ.

ಪ್ರಶ್ನೆ: ಮನೆಯಲ್ಲಿ ಮಾಡಿದೆ. ಅರ್ಧ ಗಂಟೆಯಲ್ಲಿ ಸೊಪ್ಪು ಬಾಡಿತು, ತಳದಲ್ಲಿ ನೀರು ನಿಂತಿತು, ಬೆಣ್ಣೆಹಣ್ಣು ಕಪ್ಪಾಯಿತು. ಎಲ್ಲಿ ತಪ್ಪಿದೆ?
– ಓದುಗರು, ಸಪ್ತಾಪುರ, ಧಾರವಾಡ

ಉತ್ತರ: ಮೂರಕ್ಕೂ ಬೇರೆ ಬೇರೆ ಕಾರಣ. ತೊಳೆದ ಸೊಪ್ಪು ಪೂರ್ತಿ ಒಣಗಿರಬೇಕು. ಒದ್ದೆ ಎಲೆಗೆ ಎಣ್ಣೆ ಅಂಟದೆ ಜಾರಿ ತಳ ಸೇರುತ್ತದೆ. ತೆಳು ಹತ್ತಿ ಬಟ್ಟೆಯಲ್ಲಿ ಸುತ್ತಿ ಅರ್ಧ ಗಂಟೆ ಫ್ರಿಜ್ಜಿನಲ್ಲಿಡಿ. ಟೊಮೆಟೊದ ಬೀಜ, ರಸ ತೆಗೆದುಬಿಡಿ, ಉಪ್ಪು ಮೊದಲೇ ಹಾಕಬೇಡಿ. ಉಪ್ಪು ಬಿದ್ದಕೂಡಲೇ ತರಕಾರಿ ನೀರು ಬಿಡುತ್ತದೆ. ಕೋಳಿ ಬಿಸಿಯಿದ್ದರೂ ಸೊಪ್ಪು ಬಾಡುತ್ತದೆ, ಆರಿಸಿಯೇ ಹೆಚ್ಚಿ. ಬೆಣ್ಣೆಹಣ್ಣನ್ನು ಕೊನೆಗೆ ಕತ್ತರಿಸಿ ನಿಂಬೆರಸ ಸವರಿ.

ನಾಲ್ವರಿಗೆ ಲೆಟ್ಯೂಸ್ ಒಂದು ಗಡ್ಡೆ, ಕಹಿ ಸೊಪ್ಪು ಒಂದು ಹಿಡಿ, ಬೆಂದ ಕೋಳಿಯ ಎದೆಮಾಂಸ 300 ಗ್ರಾಂ, ತತ್ತಿ ಮೂರು, ಟೊಮೆಟೊ ಎರಡು, ಬೆಣ್ಣೆಹಣ್ಣು ಒಂದು, ಗರಿಗರಿ ಹುರಿದ ಬೇಕನ್ (ಉಪ್ಪು ಹಚ್ಚಿ ಹದಮಾಡಿದ ಹಂದಿಮಾಂಸ) ಆರು ಪಟ್ಟಿ, ನೀಲಿ ಚೀಸ್ (ನೀಲಿ ಬೂಷ್ಟಿನ ಗೆರೆಗಳಿರುವ ಗಾಟು ಚೀಸ್) 60 ಗ್ರಾಂ ಸಾಕು. ತತ್ತಿಯನ್ನು ಕುದಿ ಬಂದ ಮೇಲೆ 10 ನಿಮಿಷ ಬೇಯಿಸಿ ತಣ್ಣೀರಿಗೆ ಹಾಕಿ. ಹೆಚ್ಚು ಬೆಂದರೆ ಹಳದಿಯ ಸುತ್ತ ಹಸಿರು ಗೆರೆ ಮೂಡುತ್ತದೆ. ಎಲ್ಲವನ್ನೂ ಒಂದು ಸೆಂಟಿಮೀಟರಿನಷ್ಟು ಸಣ್ಣಗೆ ಹೆಚ್ಚಬೇಕು. ದೊಡ್ಡ ತುಂಡುಗಳಾದರೆ ಒಂದೊಂದು ತುತ್ತಿಗೆ ಒಂದೊಂದೇ ರುಚಿ ಸಿಕ್ಕೀತು.

ಡ್ರೆಸಿಂಗಿಗೆ ಎಣ್ಣೆ 90 ಮಿಲಿ, ರೆಡ್ ವೈನ್ ವಿನೆಗರ್ 30 ಮಿಲಿ, ಸಾಸಿವೆ ಪೇಸ್ಟ್ ಅರ್ಧ ಚಮಚ, ಚಿಟಿಕೆ ಸಕ್ಕರೆ, ಜಜ್ಜಿದ ಬಳ್ಳೊಳ್ಳಿ ಎಸಳು ಅರ್ಧ, ಉಪ್ಪು, ಕರಿಮೆಣಸು. ಬಾಟಲಿಯಲ್ಲಿ ಹಾಕಿ ಜೋರಾಗಿ ಕುಲುಕಿ. ಸೊಪ್ಪಿನ ಹಾಸಿನ ಮೇಲೆ ಸಾಲುಸಾಲಾಗಿ ಜೋಡಿಸಿ ಮೇಜಿಗೆ ತನ್ನಿ, ತಿನ್ನುವ ಗಳಿಗೆಯಲ್ಲಿ ಸುರಿದು ಕಲಸಿ. ಸಾಲು ಬರೀ ಚೆಂದಕ್ಕಲ್ಲ, ಅಲ್ಲಿಯತನಕ ಒಣದು ಒಣಗಿಯೇ ಇರಲೆಂದು.

ಪ್ರಶ್ನೆ: ನಮ್ಮಲ್ಲಿ ಮಾಂಸ, ತತ್ತಿ ನಡೆಯುವುದಿಲ್ಲ. ಬದಲಿಗೇನು?
– ಓದುಗರು, ಹಾವೇರಿ

ಉತ್ತರ: ಆಗ ಅದು ಕಾಬ್ ಅಲ್ಲ, ಆದರೂ ರುಚಿಯ ಲೆಕ್ಕ ಉಳಿಸಿಕೊಳ್ಳಬಹುದು: ಕಹಿ, ಉಪ್ಪು, ಹುಳಿ, ಜಿಡ್ಡು, ಗರಿಗರಿ. ಕಹಿಗೆ ರೊಟ್ಟಿಯ ಜೊತೆ ತಿನ್ನುವ ಹಕ್ಕರಕಿ ಸೊಪ್ಪು ಚೆನ್ನಾಗಿ ಒಗ್ಗುತ್ತದೆ. ಕೋಳಿಯ ಜಾಗಕ್ಕೆ ಹಬೆಯಲ್ಲಿ ಬೇಯಿಸಿದ ಮೊಳಕೆ ಮಡಿಕೆಕಾಳು, ಬೇಕನ್‌ಗೆ ಬದಲು ಉಪ್ಪು ಮತ್ತು ಬ್ಯಾಡಗಿ ಮೆಣಸಿನ ಪುಡಿ ಹಚ್ಚಿ ಹುರಿದ ಶೇಂಗಾ. ಚೀಸ್ ಸಿಗದಿದ್ದರೆ ಪನೀರ್ ಪುಡಿಗೆ ಉಪ್ಪು, ನಿಂಬೆರಸ ಬೆರೆಸಿ. ನೀಲಿ ಚೀಸಿನ ಗಾಟು ಮಾತ್ರ ಅದರಲ್ಲಿ ಬಾರದು. ಶೇಂಗಾವನ್ನು ಎಲ್ಲಕ್ಕಿಂತ ಕೊನೆಗೆ ಉದುರಿಸಿ, ಮೊದಲೇ ಹಾಕಿದರೆ ಮೆತ್ತಗಾಗುತ್ತದೆ.