ಕೇಳೋಕೆ ಹೋದದ್ದೇ ತಪ್ಪಾಯಿತು

ದಾವಣಗೆರೆಯ ಓದುಗರೊಬ್ಬರ ಪತ್ರ: ‘ಕಳೆದ ಸಂಚಿಕೆಯಲ್ಲಿ ಅಮೆರಿಕದ ಬ್ಲ್ಯಾಕ್ 14 ಆಟಗಾರರ ಬಗ್ಗೆ ಓದಿದೆ. ತಂಡ ಅಂದ ಮೇಲೆ ಶಿಸ್ತು ಬೇಕು. ಪ್ರತಿಭಟನೆ ಕೂಡದು ಅಂತ ಕೋಚ್ ನಿಯಮ ಮಾಡಿದ್ದರು, ಹುಡುಗರು ಮುರಿದರು, ಜಾಗ ಕಳೆದುಕೊಂಡರು. 50 ವರ್ಷದ ಮೇಲೆ ವಿಶ್ವವಿದ್ಯಾಲಯ ಕ್ಷಮೆಯನ್ನೂ ಕೇಳಿದೆ. ಮುಗಿದ ಕತೆಯನ್ನು ಮತ್ತೆ ಯಾಕೆ ಕೆದಕುತ್ತೀರಿ?’

ಮನಸ್ಸಿನಲ್ಲಿದ್ದದ್ದನ್ನು ನೇರವಾಗಿ ಬರೆದಿರಿ ಸರ್, ಸಂತೋಷ. ನಾನೂ ನೇರವಾಗಿಯೇ ಹೇಳುತ್ತೇನೆ.

ವೈಯೋಮಿಂಗ್ ವಿಶ್ವವಿದ್ಯಾಲಯ ತಂಡದ ಆ 14 ಕಪ್ಪು ಹುಡುಗರು ಮೈದಾನದಲ್ಲಿ ಪ್ರತಿಭಟನೆ ಮಾಡಲೇ ಇಲ್ಲ. ಮಾಡಬಹುದಾ ಅಂತ ಕೇಳಲು ಹೋದರು, ಅಷ್ಟೇ.

ಅವತ್ತು 1969ರ ಅಕ್ಟೋಬರ್ 17, ಶುಕ್ರವಾರ. ಮಾರನೇ ದಿನ ಅವರ ಊರು ಲಾರಮಿಯಲ್ಲಿ ವೈಯೋಮಿಂಗ್ ವಿಶ್ವವಿದ್ಯಾಲಯಕ್ಕೂ ಬ್ರಿಗಮ್ ಯಂಗ್ ವಿಶ್ವವಿದ್ಯಾಲಯಕ್ಕೂ ಅಮೆರಿಕನ್ ಫುಟ್‌ಬಾಲ್ ಪಂದ್ಯ. ಬ್ರಿಗಮ್ ಯಂಗ್ ನಡೆಸುವುದು ಮಾರ್ಮನ್ ಚರ್ಚ್. ಆ ಚರ್ಚಿನಲ್ಲಿ ಪೌರೋಹಿತ್ಯ ಅಂದರೆ ನಾಲ್ಕಾರು ಪಾದ್ರಿಗಳಿಗಷ್ಟೇ ಸೇರಿದ್ದಲ್ಲ, ನಡತೆ ಸರಿಯಿರುವ ಸಾಮಾನ್ಯ ಗಂಡಸರಿಗೆಲ್ಲ, ಹದಿಹರೆಯದ ಹುಡುಗರಿಗೂ ಸಿಗುತ್ತದೆ. ಕಪ್ಪು ಜನರಿಗೆ ಮಾತ್ರ ಆಗ ಸಿಗುತ್ತಿರಲಿಲ್ಲ. ಹಿಂದಿನ ವರ್ಷ ಅದೇ ತಂಡದ ಎದುರು ಆಡಿದಾಗ ಬಣ್ಣ ಹಿಡಿದು ಬೈಸಿಕೊಂಡಿದ್ದೇವೆ ಅಂತಲೂ ಆಟಗಾರರು ಹೇಳಿದ್ದರು. ಅದಕ್ಕೇ ತೋಳಿಗೆ ಕಪ್ಪು ಪಟ್ಟಿ ಕಟ್ಟಿ ಆಡುವ ಮಾತು ಬಂತು.

14 ಮಂದಿ ಕಪ್ಪು ಪಟ್ಟಿ ಕಟ್ಟಿಕೊಂಡೇ ಕೋಚ್ ಲಾಯ್ಡ್ ಈಟನ್ ಹತ್ತಿರ ಹೋದರು. ಈಟನ್ ಅವರನ್ನು ಒಳಾಂಗಣ ಕ್ರೀಡಾಂಗಣಕ್ಕೆ ಕರೆದುಕೊಂಡು ಹೋಗಿ, ಪ್ರೇಕ್ಷಕರು ಕೂರುವ ಮೆಟ್ಟಿಲುಗಳ ಮೇಲೆ ಕೂರಿಸಿದರು. ಮಾತಾಡಲು ಬಿಡಲಿಲ್ಲ. ನೀವ್ಯಾರೂ ಇನ್ನು ತಂಡದಲ್ಲಿಲ್ಲ ಅಂದುಬಿಟ್ಟರು. ಬೇಕಾದರೆ ಕಪ್ಪು ಜನರ ಕಾಲೇಜುಗಳಿಗೆ ಹೋಗಿ ಅಂತಲೂ ಅಂದರೆಂದು ಆ ಆಟಗಾರರು ಆಮೇಲೆ ಹೇಳಿದ್ದಾರೆ.

ನಿಯಮ ಇತ್ತು, ಒಪ್ಪುತ್ತೇನೆ. ಆದರೆ ಕೇಳಲು ಬಂದವರನ್ನು ನಿಂತ ನಿಲುವಿನಲ್ಲೇ ಹೊರಗೆ ಹಾಕುವುದು ಶಿಸ್ತು ಹೇಗಾಗುತ್ತದೆ ಸರ್? ಅದು ಬಾಯಿ ಮುಚ್ಚಿಸುವ ಕೆಲಸ. ಅದೇ 1969ರ ಫೆಬ್ರುವರಿಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟು, ವಿಯೆಟ್ನಾಂ ಯುದ್ಧ ವಿರೋಧಿಸಿ ಶಾಲೆಗೆ ಕಪ್ಪು ಪಟ್ಟಿ ಕಟ್ಟಿಕೊಂಡು ಬಂದ ಮಕ್ಕಳಿಗೆ ಆ ಹಕ್ಕಿದೆ ಅಂತ ತೀರ್ಪು ಕೊಟ್ಟಿತ್ತು. ಈ 14 ಮಂದಿಯೂ ಕೋರ್ಟಿಗೆ ಹೋದರು, ಗೆಲ್ಲಲಿಲ್ಲ. ಸರ್ಕಾರಿ ವಿಶ್ವವಿದ್ಯಾಲಯದ ಆಟಗಾರರು ಮೈದಾನದಲ್ಲಿ ಒಂದು ಧರ್ಮದ ವಿರುದ್ಧ ಪಟ್ಟಿ ಕಟ್ಟಿದರೆ ಸರ್ಕಾರವೇ ಪಕ್ಷ ವಹಿಸಿದಂತೆ ಆಗುತ್ತದೆ ಅನ್ನುವುದು ವಿಶ್ವವಿದ್ಯಾಲಯದ ಪರ ವಾದ. 1972ರಲ್ಲಿ ಮೇಲ್ಮನವಿ ಕೋರ್ಟು ಅದನ್ನೇ ಎತ್ತಿಹಿಡಿಯಿತು. ನನಗಂತೂ ಈ ವಾದ ಒಪ್ಪಿಗೆಯಿಲ್ಲ. ಅವಮಾನ ಆದದ್ದು ಆಟಗಾರರಿಗೆ, ಕಾನೂನು ಯೋಚಿಸಿದ್ದು ಚರ್ಚಿಗೆ ಬೇಜಾರಾಗಬಾರದು ಅಂತ.

ತಂಡದ ಗತಿ ಏನಾಯಿತು ನೋಡಿ. ಆ ಶುಕ್ರವಾರದ ತನಕ ವೈಯೋಮಿಂಗ್ ಆ ಸೀಸನ್‌ನಲ್ಲಿ ಒಂದೂ ಪಂದ್ಯ ಸೋತಿರಲಿಲ್ಲ. ಮಾರನೇ ದಿನ 40-7ರಲ್ಲಿ ಗೆದ್ದಿತು, ಜನ ಕೋಚ್‌ಗೆ ಜೈ ಅಂದರು. ಮುಂದಿನ ಪಂದ್ಯ ಸ್ಯಾನ್ ಹೋಸೆ ಸ್ಟೇಟ್ ಜೊತೆ, ಅಲ್ಲಿಯ ಆಟಗಾರರು ಈ 14 ಮಂದಿಯ ಪರವಾಗಿ ತಾವೇ ಪಟ್ಟಿ ಕಟ್ಟಿ ಆಡಿದರು. ಅದನ್ನೂ ವೈಯೋಮಿಂಗ್ ಗೆದ್ದಿತು. ಉಳಿದ ನಾಲ್ಕೂ ಸೋತಿತು. 1970ರಲ್ಲಿ ಹತ್ತು ಪಂದ್ಯಗಳಲ್ಲಿ ಗೆದ್ದದ್ದು ಒಂದೇ, ಆ ವರ್ಷದ ನಂತರ ಈಟನ್ ಕೋಚ್ ಆಗಿ ಉಳಿಯಲಿಲ್ಲ. ಕಪ್ಪು ಆಟಗಾರರು ಲಾರಮಿಗೆ ಬರಲು ಹಿಂದೆಮುಂದೆ ನೋಡುವಂತಾಯಿತು.

ಆ 14 ಮಂದಿಯಲ್ಲಿ ಒಬ್ಬರಾದ ಟೋನಿ ಮೆಗೀ ಬೇರೆ ಕಾಲೇಜು ಸೇರಿ, ಆಮೇಲೆ ವೃತ್ತಿಪರ ಫುಟ್‌ಬಾಲ್‌ನಲ್ಲಿ ಹೆಸರು ಮಾಡಿದರು. ಎಲ್ಲರಿಗೂ ಆ ದಾರಿ ಸಿಗಲಿಲ್ಲ. ಇಪ್ಪತ್ತರ ಆಸುಪಾಸಿನ ಹುಡುಗನಿಗೆ ಒಂದು ಸೀಸನ್ ಹೋದರೆ ಅದು ಹೋದಂತೆಯೇ, ಅಲ್ವಾ? 1978ರಲ್ಲಿ ಚರ್ಚ್ ತಾನೇ ಪೌರೋಹಿತ್ಯದ ಆ ನಿರ್ಬಂಧ ತೆಗೆಯಿತು. ವಿಶ್ವವಿದ್ಯಾಲಯ ಕ್ಷಮೆ ಕೇಳಿ ತಂಡದ ಆಟಗಾರರಿಗೆ ಕೊಡುವ ಗೌರವದ ಜಾಕೆಟ್ ಕೊಟ್ಟದ್ದು 2019ರಲ್ಲಿ, ಅಷ್ಟರಲ್ಲಿ ಕೆಲವರು ತೀರಿಕೊಂಡಿದ್ದರು. ಕ್ಷಮೆ ಬೇಡವಾಗಿತ್ತು ಅಂತ ನಾನು ಹೇಳುವುದಿಲ್ಲ. ಬದುಕಿದ್ದವರಿಗೆ ಅದು ಬೇಕಿತ್ತು, ತಗೊಂಡರು. ಆದರೆ ಲೆಕ್ಕ ಚುಕ್ತಾ ಆಯಿತು ಅನ್ನಲು ನೀವೂ ನಾನೂ ಯಾರು ಸರ್?

2020ರಲ್ಲಿ ಈ ಆಟಗಾರರ ಸಂಸ್ಥೆ ಅದೇ ಮಾರ್ಮನ್ ಚರ್ಚಿನ ಜೊತೆ ಸೇರಿ ಹಸಿದವರಿಗೆ ಟನ್‌ಗಟ್ಟಲೆ ಆಹಾರ ಹಂಚಿತು. ಅದು ಅವರ ದೊಡ್ಡತನ. ಅದನ್ನು ತೋರಿಸಿ ವಿಶ್ವವಿದ್ಯಾಲಯದ ತಪ್ಪನ್ನು ಚಿಕ್ಕದು ಮಾಡಬಾರದು.

ಮುಂದಿನ ಸಂಚಿಕೆಯಲ್ಲಿ ಸಿರಾಕ್ಯೂಸ್ ವಿಶ್ವವಿದ್ಯಾಲಯದ ಬಗ್ಗೆ ಬರೆಯುತ್ತಿದ್ದೇವೆ. ಅಲ್ಲಿ 1970ರಲ್ಲಿ ಒಂಬತ್ತು ಕಪ್ಪು ಆಟಗಾರರು ಸರಿಯಾದ ವೈದ್ಯಕೀಯ ನೆರವು, ಓದಿಗೆ ಸಹಾಯ, ಕೋಚ್‌ಗಳ ಸಾಲಿನಲ್ಲಿ ತಮ್ಮವರೂ ಇರಬೇಕು ಅಂತ ಕೇಳಿ ಅಭ್ಯಾಸಕ್ಕೆ ಬರಲು ಒಪ್ಪಲಿಲ್ಲ. ಅವರಿಗೆ ಜಾಕೆಟ್ ಸಿಕ್ಕಿದ್ದು 2006ರಲ್ಲಿ. ಓದಿ, ಮತ್ತೆ ಬರೆಯಿರಿ.

— ಸಂ.