ಧರ್ಮ ಓದಿದರೆ ಮುಂದೇನು?

ಪ್ರಶ್ನೆ: ಇತಿಹಾಸದಲ್ಲಿ ಬಿಎ ಮುಗಿಸಿದ್ದೇನೆ. ಧರ್ಮಗಳ ಅಧ್ಯಯನದಲ್ಲಿ ಎಂಎ ಮಾಡೋ ಆಸೆ. ಅಪ್ಪ ಮಾತ್ರ ‘ಮಠ ಸೇರ್ತೀಯಾ?’ ಅಂತ ಬೈತಾರೆ. ಏನು ಮಾಡಲಿ ಮೇಡಂ?
– ಓದುಗಿ, ಹಾಸನ

ಉತ್ತರ: ಇದು ಪೂಜೆ ಕಲಿಸುವ ಕೋರ್ಸ್ ಅಲ್ಲ ಅಂತ ಮೊದಲು ಅಪ್ಪನಿಗೆ ಬಿಡಿಸಿ ಹೇಳಮ್ಮ. ಒಂದು ಧರ್ಮ ಹೇಗೆ ಹುಟ್ಟಿತು, ಅದರ ಗ್ರಂಥಗಳನ್ನು ಯಾರು ಬರೆದರು, ಯಾರು ಕಾಪಾಡಿದರು ಅಂತ ಓದುವುದು. ದೇವರನ್ನು ನಂಬದವರೂ ಓದಬಹುದು.

ದೂರ ಹೋಗಬೇಕಿಲ್ಲ. ಮೈಸೂರು ವಿಶ್ವವಿದ್ಯಾಲಯದಲ್ಲೇ ಜೈನಶಾಸ್ತ್ರ ಮತ್ತು ಪ್ರಾಕೃತ ವಿಭಾಗವಿದೆ, ಕ್ರೈಸ್ತ ಧರ್ಮದ ವಿಭಾಗವೂ ಇದೆ. ಎಲ್ಲ ಧರ್ಮಗಳನ್ನೂ ಒಟ್ಟಿಗೆ ಓದಬೇಕು ಅಂದರೆ ಪಟಿಯಾಲದ ಪಂಜಾಬಿ ವಿಶ್ವವಿದ್ಯಾಲಯದಲ್ಲಿ 1967ರಲ್ಲೇ ಶುರುವಾದ ವಿಭಾಗವಿದೆ. ಈ ವರ್ಷದ ಸೀಟು, ಫೀಸು ಎಲ್ಲ ಆಯಾ ವಿಭಾಗಕ್ಕೇ ಫೋನ್ ಮಾಡಿ ಕೇಳು.

ನನ್ನ ಮಾತು ಕೇಳುವುದಾದರೆ ಒಂದು ಹಳೆಯ ಭಾಷೆಯನ್ನು ಗಟ್ಟಿಯಾಗಿ ಹಿಡಿ. ಮೂಡುಬಿದಿರೆಯ ಬಸದಿಯಲ್ಲಿ ಶತಮಾನಗಳ ಕಾಲ ಉಳಿದು ಬಂದ ಧವಲಾ ಎಂಬ ಜೈನ ಗ್ರಂಥದ ತಾಳೆಗರಿಗಳಿವೆಯಲ್ಲ, ಅವುಗಳ ಮೂಲ ಭಾಷೆ ಪ್ರಾಕೃತ, ಆದರೆ ಲಿಪಿ ಹಳೆಯ ಕನ್ನಡದ್ದು! ಇಂಥವನ್ನು ಓದಲು ಕನ್ನಡದ ಮಕ್ಕಳೇ ಬೇಕು.

ಕೆಲಸದ ಬಗ್ಗೆ ಅಪ್ಪನ ಚಿಂತೆ ಸುಮ್ನೆ ಅಲ್ಲ. ಕಾಲೇಜು ಅಧ್ಯಾಪಕರಾಗಲು ಬರೆಯುವ ಯುಜಿಸಿ ನೆಟ್ ಪರೀಕ್ಷೆಯಲ್ಲಿ ಧರ್ಮಗಳ ತುಲನಾತ್ಮಕ ಅಧ್ಯಯನ ಬೇರೆಯೇ ವಿಷಯವಾಗಿದೆ, ಪ್ರಾಕೃತವೂ ಇದೆ. ಆದರೆ ಹುದ್ದೆಗಳು ಕಡಿಮೆ. ಜೊತೆಗೊಂದು ಬಿಎಡ್ ಮಾಡಿಟ್ಟುಕೊಂಡರೆ ಧೈರ್ಯ ಇರುತ್ತದೆ.

ನಿಮಗೆ ಶ್ರವಣಬೆಳಗೊಳ ಹತ್ತಿರ ಅಲ್ವಾ? ಒಂದು ಭಾನುವಾರ ಅಪ್ಪನನ್ನೂ ಬೆಟ್ಟ ಹತ್ತಿಸು. ಗೊಮ್ಮಟನ ಪಾದದ ಬಳಿ ‘ಶ್ರೀ ಚಾವುಂಡರಾಜಂ ಮಾಡಿಸಿದಂ’ ಅಂತ ಕೆತ್ತಿದ್ದಾರೆ, ಅದನ್ನು ನೀನೇ ಅವರಿಗೆ ಓದಿ ಹೇಳು.