ಬ್ರೋಕರ್ ಎಪಿಐ: ನಿನ್ನೆ ಓಡಿದ ಸ್ಕ್ರಿಪ್ಟ್ ಇವತ್ತು ಯಾಕೆ ಓಡುತ್ತಿಲ್ಲ?

ನೀವು ಕೇಳಿರುವುದು ಎರಡು ವಿಷಯ. ಕೈಟ್ ಕನೆಕ್ಟ್ ಅಂದರೆ ಜೆರೋಧಾ ಬ್ರೋಕರ್‌ನ ಎಪಿಐ, ನಾವು ಬರೆದ ಪ್ರೋಗ್ರಾಂ ನೇರವಾಗಿ ಬ್ರೋಕರ್‌ಗೆ ಶೇರಿನ ಆರ್ಡರ್ ಕಳಿಸುವ ದಾರಿ. ಅದರ ಪೈಥಾನ್ ಲೈಬ್ರರಿ ಹಾಕಿಕೊಂಡು ನಿನ್ನೆ ಒಂದು ಆರ್ಡರ್ ಹಾಕಿದ್ದೀರಿ. ಇವತ್ತು ಬೆಳಿಗ್ಗೆ ಅದೇ ಸ್ಕ್ರಿಪ್ಟ್ 'ಟೋಕನ್ ಎಕ್ಸೆಪ್ಷನ್' ಅಂತ ನಿಂತುಬಿಟ್ಟಿದೆ, ಯಾಕೆ? ಇನ್ನೊಂದು, ಊರಲ್ಲಿ ನೆಟ್ ಸರಿಯಿಲ್ಲ, ಹೀಗಿರುವಾಗ ಇದನ್ನ ನಂಬಿ ದುಡ್ಡು ಹಾಕಬಹುದಾ? ಮೊದಲನೆಯದು ಐದು ನಿಮಿಷದ ವಿಷಯ. ಎರಡನೆಯದನ್ನು ನಾನು ದುಡ್ಡು ಕೊಟ್ಟು ಕಲಿತಿದ್ದೇನೆ.

ನಾನು ಕೊಡಗಿನ ನಾಪೋಕ್ಲು ಕಡೆಯವನು. ಸ್ವಲ್ಪ ರೊಬಸ್ಟಾ ಕಾಫಿ, ಮರಕ್ಕೆ ಹಬ್ಬಿಸಿದ ಮೆಣಸು. ಮೊದಲು ಮೈಸೂರಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದೆ, ಈಗ ತೋಟದ ಕೆಲಸದ ನಡುವೆ ಇದು.

ಟೋಕನ್ ವಿಷಯ ಮುಗಿಸಿಬಿಡೋಣ. ನಿಮ್ಮ ಕೋಡ್‌ನಲ್ಲಿ ತಪ್ಪಿಲ್ಲ. ಕೈಟ್‌ನ ಆಕ್ಸೆಸ್ ಟೋಕನ್, ಅಂದರೆ ಲಾಗಿನ್ ಆದ ಮೇಲೆ ಸ್ಕ್ರಿಪ್ಟ್‌ಗೆ ಸಿಗುವ ಪ್ರವೇಶ ಚೀಟಿ, ಮರುದಿನ ಬೆಳಿಗ್ಗೆ 6 ಗಂಟೆಗೆ ಸಾಯುತ್ತದೆ, ನಿಯಮವೇ ಹಾಗಿದೆ. ದಿನಕ್ಕೊಂದು ಸಲ ನೀವೇ ಕೂತು ಲಾಗಿನ್ ಆಗಬೇಕು. ಲೈಬ್ರರಿ ಕೊಡುವ ಲಾಗಿನ್ ವಿಳಾಸ ತೆರೆಯಿರಿ, ಪಾಸ್‌ವರ್ಡ್ ಮತ್ತು ಟಿಒಟಿಪಿ (ಫೋನಿನ ಆ್ಯಪ್‌ನಲ್ಲಿ ಆಗಾಗ ಬದಲಾಗುವ ಅಂಕಿ) ಹಾಕಿ. ಬ್ರೌಸರ್ ಬೇರೆ ವಿಳಾಸಕ್ಕೆ ಹಾರುತ್ತದಲ್ಲ, ಅದರ ಬಾಲದಲ್ಲಿ ರಿಕ್ವೆಸ್ಟ್ ಟೋಕನ್ ಇರುತ್ತದೆ. ಅದನ್ನೂ ನಿಮ್ಮ ಎಪಿಐ ಸೀಕ್ರೆಟ್ಟನ್ನೂ (ಎಪಿಐಗೆ ಸೇರಿದಾಗ ಕೊಟ್ಟ ಗುಟ್ಟಿನ ಸಂಕೇತ) 'ಜನರೇಟ್ ಸೆಷನ್' ಫಂಕ್ಷನ್‌ಗೆ ಕೊಟ್ಟರೆ ಆ ದಿನದ ಆಕ್ಸೆಸ್ ಟೋಕನ್ ಸಿಗುತ್ತದೆ. ರಿಕ್ವೆಸ್ಟ್ ಟೋಕನ್ ಒಂದೇ ಸಲಕ್ಕೆ, ಅದೂ ಕೆಲವೇ ನಿಮಿಷ. ಕಾಫಿ ಕುಡಿದು ಬಂದು ಹಾಕುತ್ತೇನೆ ಅಂದರೆ ಆಗಲ್ಲ. ಸಿಕ್ಕ ಆಕ್ಸೆಸ್ ಟೋಕನ್ನನ್ನು ಒಂದು ಫೈಲ್‌ನಲ್ಲಿ ಬರೆದಿಟ್ಟು ದಿನವಿಡೀ ಅದನ್ನೇ ಬಳಸಿ. ಪ್ರತಿ ಸಲ ಸ್ಕ್ರಿಪ್ಟ್ ಓಡಿಸುವಾಗಲೂ 'ಜನರೇಟ್ ಸೆಷನ್' ಕರೆಯುವುದು ಹೊಸಬರೆಲ್ಲ ಮಾಡುವ ತಪ್ಪು, ನಾನೂ ಮಾಡಿದ್ದೆ. ಟಿಒಟಿಪಿಯ ಗುಟ್ಟಿನ ಕೀಲಿಯನ್ನೇ ಕೋಡ್‌ನಲ್ಲಿಟ್ಟು ಲಾಗಿನ್ನನ್ನೂ ಆಟೋಮ್ಯಾಟಿಕ್ ಮಾಡುವವರಿದ್ದಾರೆ. ಬೀಗ ಹಾಕಿ ಕೀಲಿಯನ್ನು ಬಾಗಿಲಿಗೇ ನೇತುಹಾಕಿದ ಹಾಗೆ ಅದು. ಬೇಡ.

ಈಗ ನೆಟ್ ವಿಷಯ.

ಒಂದು ಜುಲೈ. ಕಕ್ಕಡ ತಿಂಗಳ ಮಳೆ ಹೇಗಿರುತ್ತದೆ ಅಂತ ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ಬೆಳಿಗ್ಗೆಯೇ ಎಲ್ಲೋ ಸಿಲ್ವರ್ ಓಕ್ ಮರ ಲೈನ್ ಮೇಲೆ ಬಿದ್ದು ಕರೆಂಟು ಹೋಗಿತ್ತು. ಇನ್ವರ್ಟರ್ ಮೇಲೆ ಲ್ಯಾಪ್‌ಟಾಪ್, ಫೋನಿನ ಹಾಟ್‌ಸ್ಪಾಟ್. ಸಿಗ್ನಲ್ ಒಂದು ಕಡ್ಡಿ ಬರುತ್ತೆ, ಹೋಗುತ್ತೆ. ನನ್ನ ಸ್ಕ್ರಿಪ್ಟ್ ಸರಳ. ಒಂದು ಕಾಫಿ ಕಂಪನಿಯ ಶೇರು ಇಷ್ಟು ಇಳಿದರೆ 20 ಶೇರು ತಗೋ, ಅಷ್ಟೇ. ಸುಮಾರು 12,000 ರೂಪಾಯಿ ಲೆಕ್ಕ. ಶೇರು ಇಳಿಯಿತು, ಸ್ಕ್ರಿಪ್ಟ್ ಆರ್ಡರ್ ಕಳಿಸಿತು. ಈ ಲೈಬ್ರರಿ ಸರ್ವರ್‌ನ ಉತ್ತರಕ್ಕೆ ಕಾಯುವುದು 7 ಸೆಕೆಂಡ್. ಉತ್ತರ ಬರಲಿಲ್ಲ, ಟೈಮ್‌ಔಟ್ ಎರರ್ ಬಂತು. ನಾನು ಜಾಣ ಅಂದುಕೊಂಡು 'ಎರರ್ ಬಂದರೆ ಮತ್ತೆ ಕಳಿಸು, ಮೂರು ಸಲ' ಅಂತ ಬರೆದಿಟ್ಟಿದ್ದೆ. ಅದು ಹೇಳಿದ ಹಾಗೆ ಮಾಡಿತು. ಮೂರನೇ ಸಲ ಆರ್ಡರ್ ನಂಬರ್ ಬಂತು. ಸದ್ಯ, ಆಯಿತಲ್ಲ ಅಂತ ತೋಟದ ಕಡೆ ಹೋದೆ.

ಸಂಜೆ ನೋಡಿದರೆ ಖಾತೆಯಲ್ಲಿ 60 ಶೇರು. ಮೂರೂ ಆರ್ಡರ್ ಸರಿಯಾಗಿಯೇ ತಲುಪಿದ್ದವು. ದಾರಿಯಲ್ಲಿ ಕಳೆದುಹೋಗಿದ್ದು ಮೊದಲೆರಡರ ಉತ್ತರ ಮಾತ್ರ. ಮೆಣಸು ಮಾರಿದ ದುಡ್ಡು ಬ್ರೋಕರ್ ಖಾತೆಯಲ್ಲೇ ಬಿದ್ದಿತ್ತು, ಮಳೆ ಕಮ್ಮಿಯಾದ ಮೇಲೆ ಗೊಬ್ಬರಕ್ಕೆ ಅಂತ. ಅದರಲ್ಲಿ 24,000 ಶೇರಿನಲ್ಲಿ ಕೂತಿತು. ಮನೆಯವಳಿಗೆ ಹೇಳಲು ಎರಡು ದಿನ ಬೇಕಾಯಿತು.

ಅಂಗಡಿಗೆ ಸಕ್ಕರೆ ತರಲು ಹುಡುಗನನ್ನು ಕಳಿಸಿದಿರಿ, ಅವನು ಹೊತ್ತಾದರೂ ಬರಲಿಲ್ಲ ಅಂದುಕೊಳ್ಳಿ. ತಕ್ಷಣ ಇನ್ನೊಬ್ಬನ ಕೈಗೆ ದುಡ್ಡು ಕೊಟ್ಟು ಓಡಿಸುತ್ತೀರಾ? ಮೊದಲು ಅಂಗಡಿಗೆ ಫೋನ್ ಮಾಡಿ ಹುಡುಗ ಬಂದಿದ್ದನಾ ಅಂತ ಕೇಳುತ್ತೀರಿ, ಅಲ್ವಾ? ಕೋಡ್‌ನಲ್ಲೂ ಅದನ್ನೇ ಮಾಡಬೇಕು. ಬೆಲೆ ಕೇಳುವುದು, ಖಾತೆ ನೋಡುವುದು, ಇವನ್ನೆಲ್ಲ ಎರರ್ ಬಂದರೆ ನೂರು ಸಲ ಬೇಕಾದರೂ ಮತ್ತೆ ಕೇಳಿ. ಆರ್ಡರ್ ಹಾಕುವುದನ್ನು ಮಾತ್ರ ಕಣ್ಣುಮುಚ್ಚಿ ಮತ್ತೆ ಕಳಿಸಬೇಡಿ.

ಈಗ ನಾನು ಮಾಡುವುದು ಹೀಗೆ. ಆರ್ಡರ್ ಹಾಕುವಾಗ 'ಟ್ಯಾಗ್' ಅಂತ ಒಂದು ಜಾಗ ಇದೆ, 20 ಅಕ್ಷರದವರೆಗೆ ಏನಾದರೂ ಬರೆಯಬಹುದು. ಅಕ್ಷರ, ಅಂಕಿ ಮಾತ್ರ. ದಿನಾಂಕ, ಶೇರಿನ ಗುರುತು, ಆ ದಿನದ ಎಷ್ಟನೇ ಆರ್ಡರ್, ಇಷ್ಟನ್ನು ಸೇರಿಸಿ ಒಂದು ಟ್ಯಾಗ್ ಮಾಡುತ್ತೇನೆ. ಕಳಿಸುವ ಮೊದಲೇ ಅದನ್ನು ನನ್ನ ಫೈಲ್‌ನಲ್ಲಿ ಬರೆದುಕೊಳ್ಳುತ್ತೇನೆ. ಟೈಮ್‌ಔಟ್ ಬಂತು ಅಂದರೆ ಸ್ವಲ್ಪ ಹೊತ್ತು ಕಾದು, 'ಆರ್ಡರ್ಸ್' ಫಂಕ್ಷನ್ ಕರೆದು ಆ ದಿನದ ಆರ್ಡರ್ ಪಟ್ಟಿ ತರಿಸಿ, ಆ ಟ್ಯಾಗ್ ಅದರಲ್ಲಿದೆಯಾ ನೋಡುತ್ತೇನೆ. ಇದ್ದರೆ ಸುಮ್ನಿರುತ್ತೇನೆ. ಇಲ್ಲದಿದ್ದರೆ ಮಾತ್ರ ಇನ್ನೊಂದು ಸಲ. ಪಟ್ಟಿಯೇ ಬರುತ್ತಿಲ್ಲ ಅಂದರೆ ಸ್ಕ್ರಿಪ್ಟ್ ಅಲ್ಲೇ ನಿಲ್ಲುತ್ತದೆ, ನಾನೇ ಹೋಗಿ ನೋಡುವವರೆಗೆ ಮುಂದಕ್ಕೆ ಹೋಗಲ್ಲ. ಆ ದಿನ ಶೇರು ಸಿಗದಿದ್ದರೆ ಬೇಡ ಬಿಡಿ.

ಇನ್ನೂ ಒಂದು ಸಣ್ಣ ಮೋಸ ಇದೆ. ಆರ್ಡರ್ ನಂಬರ್ ಬಂತು ಅಂದರೆ ಶೇರು ಬಂತು ಅಂತಲ್ಲ. ಬ್ರೋಕರ್ ಚೀಟಿ ತಗೊಂಡ, ಅಷ್ಟೇ ಅರ್ಥ. ಆಮೇಲೆ ರಿಜೆಕ್ಟ್ ಆಗಬಹುದು, ಅರ್ಧ ಮಾತ್ರ ಆಗಬಹುದು. ಬೆಲೆ 5 ಪೈಸೆಯ ಹೆಜ್ಜೆಯಲ್ಲಿ (612.50, 612.55 ಹೀಗೆ) ನಡೆಯುವ ಶೇರಿಗೆ 612.53 ಅಂತ ಬೆಲೆ ಕೊಟ್ಟರೆ ವಾಪಸ್ ಬರುತ್ತದೆ. ನಂಬರ್ ಬಂದ ಮೇಲೂ ಸ್ಟೇಟಸ್ 'ಕಂಪ್ಲೀಟ್' ಆಗಿದೆಯಾ ಅಂತ ಕೇಳಲೇಬೇಕು.

ಶೇರಿನ ಹೆಸರುಗಳನ್ನೂ ಕೋಡ್‌ನಲ್ಲಿ ಕಲ್ಲಿನ ಮೇಲೆ ಕೆತ್ತಿದ ಹಾಗೆ ಬರೆಯಬೇಡಿ. ಪೊಲಿಬೆಟ್ಟದ ಟಾಟಾ ಕಾಫಿ ನಮಗೆಲ್ಲ ಮನೆ ಕಂಪನಿ ಇದ್ದ ಹಾಗೆ, ನನ್ನ ಪಟ್ಟಿಯಲ್ಲಿ ಮೊದಲ ಹೆಸರೇ ಅದಾಗಿತ್ತು. 2024ರ ಜನವರಿಯಲ್ಲಿ ಅದು ಟಾಟಾ ಕನ್ಸ್ಯೂಮರ್ ಪ್ರಾಡಕ್ಟ್ಸ್ ಜೊತೆ ಸೇರಿಹೋಯಿತು. ಹಳೆಯ ಹೆಸರು ಎಕ್ಸ್‌ಚೇಂಜ್‌ನಿಂದಲೇ ಹೋಯಿತು. ಪೇಪರ್‌ನಲ್ಲಿ ಓದಿ ಗೊತ್ತಿತ್ತು, ಆದರೆ ಸ್ಕ್ರಿಪ್ಟ್ ಪೇಪರ್ ಓದುವುದಿಲ್ಲವಲ್ಲ. ದಿನಾ ಬೆಳಿಗ್ಗೆ ಬ್ರೋಕರ್ ಕೊಡುವ ಶೇರುಗಳ ಪಟ್ಟಿ 'ಇನ್‌ಸ್ಟ್ರುಮೆಂಟ್ಸ್' ಹೊಸದಾಗಿ ಇಳಿಸಿಕೊಂಡು, ನಿಮ್ಮ ಶೇರುಗಳು ಅದರಲ್ಲಿವೆಯಾ ಅಂತ ನೋಡಿ. ಆ ಬೆಲೆಯ ಹೆಜ್ಜೆ ಎಷ್ಟು ಅನ್ನುವುದೂ ಅದೇ ಪಟ್ಟಿಯಲ್ಲಿದೆ.

ಮನೆಯ ನೆಟ್‌ನಿಂದಲೇ ಓಡಿಸಬೇಕಾ ಅಂತಲೂ ಯೋಚಿಸಿ. ಶೇರು ಮಾರುಕಟ್ಟೆಯ ನಿಯಂತ್ರಕ ಸೆಬಿ 2025ರ ಫೆಬ್ರವರಿ 4ರ ಸುತ್ತೋಲೆಯಲ್ಲಿ, ಎಪಿಐ ಮೂಲಕ ವ್ಯವಹಾರ ಮಾಡುವವರಿಗೆ ಸ್ಟ್ಯಾಟಿಕ್ ಐಪಿ, ಅಂದರೆ ಬದಲಾಗದ ಇಂಟರ್ನೆಟ್ ವಿಳಾಸ, ಇರಬೇಕು ಅಂದಿದೆ. ಮನೆಯ ಬ್ರಾಡ್‌ಬ್ಯಾಂಡ್‌ನಲ್ಲಿ ಸಾಮಾನ್ಯವಾಗಿ ರೂಟರ್ ಆಫ್ ಆಗಿ ಆನ್ ಆದರೆ ಐಪಿ ಬದಲಾಗುತ್ತದೆ, ನಮ್ಮಲ್ಲಂತೂ ಮಳೆಗಾಲದಲ್ಲಿ ಅದು ದಿನಕ್ಕೆ ಹತ್ತು ಸಲ. ನಾನು ಮುಂಬೈಯಲ್ಲಿರುವ ಒಂದು ಸಣ್ಣ ಕ್ಲೌಡ್ ಸರ್ವರ್ ಬಾಡಿಗೆಗೆ ತಗೊಂಡೆ. ಬೆಳಿಗ್ಗೆ ಫೋನಿನಿಂದ ಲಾಗಿನ್ ಆಗುವುದಷ್ಟೇ ಇಲ್ಲಿಂದ, ಉಳಿದದ್ದೆಲ್ಲ ಅಲ್ಲೇ. ಹೊಳೆ ಮೂರ್ನಾಡು ರಸ್ತೆಗೆ ಬಂದರೂ ಸ್ಕ್ರಿಪ್ಟ್‌ಗೆ ಏನೂ ಆಗಲ್ಲ. ಒಂದೇ ಎಚ್ಚರ, ಇಂಥ ಸರ್ವರ್‌ಗಳ ಗಡಿಯಾರ ಸಾಮಾನ್ಯವಾಗಿ ನಮ್ಮದಕ್ಕಿಂತ ಐದೂವರೆ ಗಂಟೆ ಹಿಂದಿರುತ್ತದೆ. ಬೆಳಿಗ್ಗೆ 9.20ಕ್ಕೆ ಅಂತ ಇಟ್ಟಿದ್ದು ಮಧ್ಯಾಹ್ನ 2.50ಕ್ಕೆ ಎದ್ದಿತ್ತು!

ಇದನ್ನೆಲ್ಲ ನೋಡಿ ಪಕ್ಕದ ತೋಟದ ಅಣ್ಣ, ನನ್ನದಕ್ಕೂ ಹಾಕಿಕೊಡು ಮಾರಾಯ ಅಂದರು. ಅದೇ ಸುತ್ತೋಲೆ ಪ್ರಕಾರ ನಾವೇ ಬರೆದದ್ದು ನಮಗೆ, ನಮ್ಮ ಹತ್ತಿರದ ಕುಟುಂಬಕ್ಕೆ ಮಾತ್ರ. ಅವರಿಗೆ ಒಂದು ಲೋಟ ಕಾಫಿ ಕೊಟ್ಟು ಕಳಿಸಿದೆ.

ನಿಮಗೆ ಒಂದು ಕೆಲಸ ಹೇಳುತ್ತೇನೆ, ದೊಡ್ಡ ದುಡ್ಡು ಹಾಕುವ ಮೊದಲು ಮಾಡಿ. ಲೈಬ್ರರಿಗೆ ಆ 7 ಸೆಕೆಂಡ್ ಬದಲು ನಿಮಗೆ ಬೇಕಾದ ಟೈಮ್‌ಔಟ್ ಕೊಡಬಹುದು. ಒಂದೇ ಒಂದು ಶೇರಿಗೆ, ಮಾರುಕಟ್ಟೆ ಬೆಲೆಗಿಂತ ನಾಲ್ಕೈದು ಪರ್ಸೆಂಟ್ ಕೆಳಗೆ ಲಿಮಿಟ್ ಆರ್ಡರ್ (ನಾವು ಹೇಳಿದ ಬೆಲೆಗೆ ಬಂದರೆ ಮಾತ್ರ ಕೊಳ್ಳು ಅನ್ನುವುದು) ಹಾಕಿ. ಟೈಮ್‌ಔಟ್ 0.1 ಸೆಕೆಂಡ್ ಇಡಿ, ಎರರ್ ಬರುವವರೆಗೆ ಇನ್ನೂ ಇಳಿಸುತ್ತಾ ಹೋಗಿ. ಎರರ್ ಬಂದ ಕೂಡಲೇ ಫೋನಿನಲ್ಲಿ ಆ್ಯಪ್ ತೆರೆದು ಆರ್ಡರ್ ಪಟ್ಟಿ ನೋಡಿ. ಆಗಲಿಲ್ಲ ಅಂತ ಸ್ಕ್ರಿಪ್ಟ್ ಹೇಳಿದ ಆರ್ಡರ್ ಅಲ್ಲಿ ಆರಾಮಾಗಿ ಕೂತಿದ್ದರೆ, ನನ್ನ ಜುಲೈ ನಿಮಗೂ ಕಂಡಿತು. ಕ್ಯಾನ್ಸಲ್ ಮಾಡಿ, ಟೈಮ್‌ಔಟ್ ಮೊದಲಿನ ಹಾಗೆ ಇಟ್ಟು, ಟ್ಯಾಗ್ ಹುಡುಕುವ ಕೋಡ್ ಬರೆಯಲು ಕೂರಿ.